ಹರಾಜಿನ ಪಟ್ಟಿಯಲ್ಲಿದ್ದ ಸೀಸದ ಡಬ್ಬಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು ಹಾಗೂ ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು, ಕರ್ನಾಟಕ ಸರ್ಕಾರ
ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳು, ಕುಲಸಚಿವರು ಮತ್ತು ವಿಜ್ಞಾನ ಕಾಲೇಜುಗಳ ಪ್ರಾಂಶುಪಾಲರು

ವಿಷಯ: ಪ್ರಯೋಗಾಲಯಗಳ ಹಳೆಯ ವಿಕಿರಣಶೀಲ ಆಕರಗಳು (ವಿಕಿರಣ ಹೊಮ್ಮಿಸುವ ವಸ್ತುಗಳು) ಗುಜರಿ ಸೇರದಂತೆ ತಡೆಯುವುದು ಮತ್ತು ವಿಕಿರಣಶೀಲ ಕ್ಷಯದ ಪಾಠವನ್ನು ಮರಳಿ ತರಗತಿಗೆ ತರುವುದು.

ಮಾನ್ಯರೇ,

ನಾನು ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಕಳೆದ ವರ್ಷ ಒಂದು ಪದವಿ ಕಾಲೇಜಿನಲ್ಲಿ ಹಳೆಯ ಪ್ರಯೋಗಾಲಯದ ಕಟ್ಟಡವನ್ನು ಕೆಡವುವ ಸಿದ್ಧತೆ ನಡೆದಿತ್ತು. ನಿರುಪಯುಕ್ತ ಸಾಮಾನುಗಳನ್ನು ಹರಾಜಿಗೆ ಹಾಕುವ ಮೊದಲು ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸಿಕೊಡಿ ಎಂದು ಅಲ್ಲಿನ ಅಧ್ಯಾಪಕರೊಬ್ಬರು ನನ್ನನ್ನು ಕರೆದರು. ಕಾಲು ಮುರಿದ ಸ್ಟೂಲುಗಳು, ಸುಟ್ಟುಹೋದ ಟ್ರಾನ್ಸ್‌ಫಾರ್ಮರುಗಳು, ಗಾಜು ಒಡೆದ ಗ್ಯಾಲ್ವನೋಮೀಟರುಗಳು, ತುಕ್ಕು ತಿಂದ ಕಬ್ಬಿಣದ ಕಪಾಟುಗಳು. ಇವುಗಳ ನಡುವೆ ಒಂದು ಸಾಲು: ‘ಸೀಸದ ಡಬ್ಬಿ, ಮುಚ್ಚಳ ಸಹಿತ, 1’. ಅದರ ಎದುರಿಗೆ ತೂಕ, ತೂಕದ ಎದುರಿಗೆ ಸೀಸದ ಅಂದಾಜು ದರ.

ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸೀಸದ ಡಬ್ಬಿ ಸುಮ್ಮನೆ ಇರುವುದಿಲ್ಲ; ಒಳಗಿನ ವಿಕಿರಣವನ್ನು ತಡೆಯಲೆಂದು ಇರುತ್ತದೆ. ಅದನ್ನು ತೋರಿಸಿ ಎಂದೆ. ಕಪಾಟಿನ ಕೆಳಗಿನ ಖಾನೆಯಲ್ಲಿತ್ತು. ಮುಚ್ಚಳದ ಮೇಲೆ ಅಂಟಿಸಿದ್ದ ಹಳದಿ ಚೀಟಿಯನ್ನು ಹುಳು ತಿಂದು ಮೂಲೆಯಷ್ಟೇ ಉಳಿದಿತ್ತು. ಒಳಗೆ ನಾಣ್ಯದ ಗಾತ್ರದ ಎರಡು ಬಿಲ್ಲೆಗಳು. ಒಂದರ ಮೇಲೆ ಸೀಸಿಯಂ-137 ಎಂದಿತ್ತು, ಇನ್ನೊಂದರ ಮೇಲೆ ಥ್ಯಾಲಿಯಂ-204. ವಿಕಿರಣವನ್ನು ಎಣಿಸುವ ಗೈಗರ್ ಕೌಂಟರಿನ ಪ್ರಯೋಗಕ್ಕಾಗಿ 1980ರ ದಶಕದಲ್ಲಿ ತರಿಸಿದವು ಎಂಬುದು ಹಳೆಯ ಸ್ಟಾಕ್ ರಿಜಿಸ್ಟರಿನಿಂದ ತಿಳಿಯಿತು. ಹೊಸ ರಿಜಿಸ್ಟರಿಗೆ ನಕಲು ಮಾಡುವಾಗ ಯಾರೋ ಒಳಗಿನ ವಸ್ತುವನ್ನು ಬಿಟ್ಟು ಡಬ್ಬಿಯನ್ನು ಮಾತ್ರ ಬರೆದುಕೊಂಡಿದ್ದರು.

ಹರಾಜು ಸಮಿತಿಯಲ್ಲಿದ್ದವರೊಬ್ಬರು ನನ್ನ ಆತಂಕ ಕಂಡು ಸಮಾಧಾನ ಹೇಳಿದರು: ‘ನಲವತ್ತು ವರ್ಷದ ಹಿಂದಿನದು ಸರ್. ಇದರ ಶಕ್ತಿಯೆಲ್ಲ ಎಂದೋ ಇಳಿದುಹೋಗಿರುತ್ತದೆ.’

ಈ ಪತ್ರವನ್ನು ಬರೆಯಿಸಿದ್ದು ಆ ಮಾತು. ಅದನ್ನು ಆಡಿದವರು ವಿಜ್ಞಾನದ ಪದವೀಧರರು, ಒಳ್ಳೆಯ ಮನುಷ್ಯರು, ಯಾರಿಗೂ ಕೇಡು ಬಯಸುವವರಲ್ಲ. ಆ ಕಾಲೇಜಿನ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ. ರಾಜ್ಯದ ಎಷ್ಟೋ ಕಾಲೇಜುಗಳ ಕಪಾಟುಗಳಲ್ಲಿ ಇಂಥ ಡಬ್ಬಿಗಳಿರುವ ಸಾಧ್ಯತೆಯಿದೆ, ಎಷ್ಟೋ ಸಮಿತಿಗಳಲ್ಲಿ ಇದೇ ಮಾತು ಕೇಳಿಬರುವ ಸಾಧ್ಯತೆಯಿದೆ. ಒಬ್ಬರ ಮೇಲೆ ಗೂಬೆ ಕೂರಿಸಿದರೆ ಉಳಿದವರು ನಿಶ್ಚಿಂತರಾಗಿಬಿಡುತ್ತಾರೆ.

ಉತ್ಪ್ರೇಕ್ಷೆ ಮಾಡಿ ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಆ ಎರಡು ಬಿಲ್ಲೆಗಳು ಮೈಕ್ರೋಕ್ಯೂರಿ (ವಿಕಿರಣಶೀಲತೆಯ ತೀರ ಸಣ್ಣ ಅಳತೆ) ಲೆಕ್ಕದ ಸಣ್ಣ ಆಕರಗಳು. ವಿದ್ಯಾರ್ಥಿಗಳು ಚಿಮಟದಲ್ಲಿ ಹಿಡಿದು ಪ್ರಯೋಗ ಮಾಡಲೆಂದೇ ತಯಾರಾದವು. ಅವು ಗುಜರಿ ಅಂಗಡಿಗೆ ಹೋಗಿದ್ದರೂ ಬಹುಶಃ ಯಾರೂ ಸಾಯುತ್ತಿರಲಿಲ್ಲ. ಆದರೆ ಪಟ್ಟಿ ಬರೆದವರಿಗೆ ಅದು ಗೊತ್ತಿರಲಿಲ್ಲ. ಆ ಡಬ್ಬಿಯೊಳಗೆ ಲಕ್ಷಪಟ್ಟು ಪ್ರಬಲವಾದ ಆಕರ ಇದ್ದಿದ್ದರೂ ಪಟ್ಟಿಯಲ್ಲಿ ಅದೇ ಸಾಲು, ಅದೇ ತೂಕ, ಅದೇ ದರ ಇರುತ್ತಿತ್ತು. ನನ್ನ ನಿದ್ದೆ ಕೆಡಿಸಿದ್ದು ಇದು.

‘ಹಳೆಯದಾದರೆ ಶಕ್ತಿ ಇಳಿಯುತ್ತದೆ’ ಎಂಬ ನಂಬಿಕೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬ್ಯಾಟರಿಗೆ ಆ ಮಾತು ಸಲ್ಲುತ್ತದೆ, ಔಷಧಕ್ಕೂ ಸಲ್ಲುತ್ತದೆ. ವಿಕಿರಣಶೀಲ ಪರಮಾಣುವಿಗೆ ಸಲ್ಲುವುದಿಲ್ಲ. ಅಸ್ಥಿರವಾದ ಒಂದು ನ್ಯೂಕ್ಲಿಯಸ್ (ಪರಮಾಣುವಿನ ತಿರುಳು) ಯಾವ ಗಳಿಗೆಯಲ್ಲಿ ಕ್ಷಯಿಸುತ್ತದೆ, ಅಂದರೆ ಕಿರಣ ಹೊಮ್ಮಿಸಿ ಬೇರೊಂದಾಗಿ ಮಾರ್ಪಡುತ್ತದೆ ಎಂದು ಜಗತ್ತಿನ ಯಾವ ವಿಜ್ಞಾನಿಯೂ ಹೇಳಲಾರ. ಈ ಕ್ಷಣವೇ ಇರಬಹುದು, ನೂರು ವರ್ಷ ಬಿಟ್ಟು ಇರಬಹುದು. ಆದರೆ ಕೋಟ್ಯನುಕೋಟಿ ನ್ಯೂಕ್ಲಿಯಸ್ಸುಗಳು ಒಟ್ಟಿಗಿದ್ದಾಗ ಅವುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಎಷ್ಟು ಕಾಲ ಬೇಕೆಂಬುದನ್ನು ಕರಾರುವಾಕ್ಕಾಗಿ ಹೇಳಬಹುದು. ಇಂಥ ವ್ಯಕ್ತಿ ಇಂಥ ದಿನ ಸಾಯುತ್ತಾನೆಂದು ಜೀವವಿಮೆಯವರಿಗೆ ತಿಳಿಯದಿದ್ದರೂ ಲಕ್ಷ ಜನರಲ್ಲಿ ವರ್ಷಕ್ಕೆ ಎಷ್ಟು ಸಾವೆಂಬ ಲೆಕ್ಕ ಅವರ ಬಳಿ ಇರುವಂತೆ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಏಕೆಂದರೆ ಮನುಷ್ಯನಿಗೆ ವಯಸ್ಸಾಗುತ್ತದೆ, ನ್ಯೂಕ್ಲಿಯಸ್ಸಿಗೆ ಆಗುವುದಿಲ್ಲ. ನಲವತ್ತು ವರ್ಷ ಉಳಿದ ಕೋಬಾಲ್ಟ್-60ರ ಪರಮಾಣು ನಿನ್ನೆ ತಯಾರಾದ ಪರಮಾಣುವಿಗಿಂತ ಒಂದಿಷ್ಟೂ ದುರ್ಬಲವಲ್ಲ. ಅದು ಕ್ಷಯಿಸುವ ದಿನ ನಿಕ್ಕಲ್-60 ಆಗಿ ಮಾರ್ಪಟ್ಟು, 1.17 ಮತ್ತು 1.33 ಮೆಗಾ ಎಲೆಕ್ಟ್ರಾನ್ ವೋಲ್ಟಿನ (ಪರಮಾಣು ಮಟ್ಟದ ಶಕ್ತಿಯ ಅಳತೆ) ಅವೇ ಎರಡು ಗಾಮಾ ಕಿರಣಗಳನ್ನು ಅದೇ ಪ್ರಖರತೆಯಿಂದ ಹೊಮ್ಮಿಸುತ್ತದೆ. ಕಾಲ ಕಳೆದಂತೆ ಕಡಿಮೆಯಾಗುವುದು ಉಳಿದ ಪರಮಾಣುಗಳ ಸಂಖ್ಯೆ ಮಾತ್ರ.

ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಆಯಾ ವಸ್ತುವಿನ ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಆ ಕಾಲ, ನಿರ್ಧರಿಸುತ್ತದೆ. ಆಸ್ಪತ್ರೆಗಳಲ್ಲಿ ಸ್ಕ್ಯಾನ್ ಮಾಡಲು ಬಳಸುವ ಟೆಕ್ನೀಷಿಯಂ-99ಎಂ ಎಂಬುದರ ಅರ್ಧಾಯು ಆರು ಗಂಟೆ. ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್-131ರದು ಎಂಟು ದಿನ. ಕೊಳವೆಗಳ ಬೆಸುಗೆ ಪರೀಕ್ಷಿಸಲು ಕಾರ್ಖಾನೆಗಳವರು ಒಯ್ಯುವ ಇರಿಡಿಯಂ-192ರದು 74 ದಿನ. ಕೋಬಾಲ್ಟ್-60ರದು 5.27 ವರ್ಷ, ಸೀಸಿಯಂ-137ರದು ಸುಮಾರು 30 ವರ್ಷ, ರೇಡಿಯಂ-226ರದು 1,600 ವರ್ಷ. ನಮ್ಮ ಗ್ರಾನೈಟ್ ಬಂಡೆಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಯುರೇನಿಯಂ-238ರದು ಸುಮಾರು 447 ಕೋಟಿ ವರ್ಷ; ಹೆಚ್ಚು ಕಡಿಮೆ ಭೂಮಿಯ ವಯಸ್ಸಿನಷ್ಟೇ. ಈ ವೇಗವನ್ನು ನಾವು ಬದಲಿಸಲಾರೆವು. ಕುಲುಮೆಯಲ್ಲಿ ಕರಗಿಸಿದರೂ, ಆಮ್ಲದಲ್ಲಿ ಅದ್ದಿದರೂ, ಕುಟ್ಟಿ ಪುಡಿ ಮಾಡಿದರೂ, ಮಣ್ಣಿನಲ್ಲಿ ಹೂತರೂ ಅದು ತನ್ನ ಲೆಕ್ಕದಂತೆಯೇ ನಡೆಯುತ್ತದೆ. ವಿಜ್ಞಾನಿಗಳಾದ ರುದರ್‌ಫೋರ್ಡ್ ಮತ್ತು ಸಾಡಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಥೋರಿಯಂ ಮೇಲೆ ಪ್ರಯೋಗ ನಡೆಸಿ, ವಿಕಿರಣಶೀಲತೆಯೆಂದರೆ ಒಂದು ಧಾತು ಇನ್ನೊಂದು ಧಾತುವಾಗಿ ಮಾರ್ಪಡುವ ಕ್ರಿಯೆ ಎಂದು ತೋರಿಸಿದ್ದು 1902ರಲ್ಲಿ. ನೂರಿಪ್ಪತ್ತು ವರ್ಷ ಹಳೆಯ ತಿಳಿವಳಿಕೆ ಇದು.

ಈಗ ಆ ಡಬ್ಬಿಯತ್ತ ಬನ್ನಿ. ಎರಡು ಬಿಲ್ಲೆಗಳೂ ಒಂದೇ ಡಬ್ಬಿಯಲ್ಲಿ ಒಂದೇ ಕಾಲಕ್ಕೆ ಬಂದವು. ಥ್ಯಾಲಿಯಂ-204ರ ಅರ್ಧಾಯು ನಾಲ್ಕು ವರ್ಷಕ್ಕೂ ಸ್ವಲ್ಪ ಕಡಿಮೆ. ನಲವತ್ತು ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಸಲ ಅರ್ಧ ಅರ್ಧವಾಗುತ್ತ ಬಂದು, ಮೊದಲಿದ್ದುದರ ಸಾವಿರದಲ್ಲಿ ಒಂದು ಪಾಲೂ ಉಳಿದಿಲ್ಲ. ಅದರ ಮಟ್ಟಿಗೆ ಸಮಿತಿಯವರ ಮಾತು ನಿಜ. ಸೀಸಿಯಂ-137 ಅಷ್ಟೇ ಕಾಲದಲ್ಲಿ ಒಂದು ಅರ್ಧಾಯುವನ್ನು ದಾಟಿ ಎರಡನೆಯದರ ಮೊದಲ ಭಾಗದಲ್ಲಿದೆ; ಹತ್ತರಲ್ಲಿ ನಾಲ್ಕು ಪಾಲು ಈಗಲೂ ಇದೆ. ಒಂದೇ ವಯಸ್ಸಿನ ಎರಡು ವಸ್ತುಗಳಲ್ಲಿ ಒಂದು ಬಹುತೇಕ ನಿಷ್ಕ್ರಿಯ, ಇನ್ನೊಂದು ಸಕ್ರಿಯ. ಖರೀದಿಯ ವರ್ಷವೊಂದನ್ನೇ ನೋಡಿ ಇವುಗಳ ನಡುವಿನ ವ್ಯತ್ಯಾಸ ತಿಳಿಯಲು ಸಾಧ್ಯವಿಲ್ಲ. ವಸ್ತುವಿನ ಹೆಸರು, ಖರೀದಿಸಿದ ದಿನದ ಪ್ರಮಾಣ ಮತ್ತು ದಿನಾಂಕ, ಈ ಮೂರೂ ಬೇಕು. ಆ ಮೂರನ್ನೂ ಹೊತ್ತಿದ್ದ ಹಳದಿ ಚೀಟಿಯನ್ನೇ ಹುಳು ತಿಂದಿತ್ತು.

ಮಾನ್ಯರೇ, ಈ ಲೆಕ್ಕವನ್ನು ಅಲಕ್ಷಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಕಣ್ಣಾರೆ ಕಂಡಿದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಸುಮಾರು ನಲವತ್ತು ವರ್ಷ ಹಳೆಯದಾದ ಒಂದು ಗಾಮಾ ವಿಕಿರಣ ಯಂತ್ರವಿತ್ತು. 1985ರಿಂದ ಅದನ್ನು ಯಾರೂ ಬಳಸಿರಲಿಲ್ಲ. 2010ರ ಫೆಬ್ರವರಿಯಲ್ಲಿ ಅದನ್ನು ಇತರ ಹಳೆಯ ಸಾಮಾನಿನಂತೆ ಹರಾಜು ಹಾಕಿದರು. ಅದು ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಬಂತು. ಅಲ್ಲಿನ ಕೆಲಸಗಾರರು ಸೀಸದ ಕವಚವನ್ನು ಒಡೆದು ಒಳಗಿದ್ದ ಕೋಬಾಲ್ಟ್-60ರ ಕಡ್ಡಿಗಳನ್ನು ಹೊರತೆಗೆದರು. ಅದರ ಒಂದು ಚೂರು ಒಬ್ಬರ ಜೇಬಿನ ಪರ್ಸಿನಲ್ಲಿಯೂ ಇತ್ತು. ಏಪ್ರಿಲ್‌ನಲ್ಲಿ ಕೂದಲು ಉದುರಿ, ಚರ್ಮ ಕಪ್ಪಾಗಿ, ವಾಂತಿ ಭೇದಿಯಿಂದ ಬಳಲಿ ಜನ ಆಸ್ಪತ್ರೆಗೆ ಸೇರಿದ ಮೇಲೆಯೇ ವಿಷಯ ಬೆಳಕಿಗೆ ಬಂತು. ಒಬ್ಬ ಕೆಲಸಗಾರ ಪ್ರಾಣ ಕಳೆದುಕೊಂಡ. ಹಲವರು ತೀವ್ರವಾಗಿ ಗಾಸಿಗೊಂಡರು. ಅಣು ಮತ್ತು ವಿಕಿರಣ ಅಪಘಾತಗಳ ತೀವ್ರತೆಯ ಅಂತಾರಾಷ್ಟ್ರೀಯ ಮಾಪನದಲ್ಲಿ ಅದು ನಾಲ್ಕನೇ ಹಂತದ ಅಪಘಾತವೆಂದು ದಾಖಲಾಗಿದೆ.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡಿ ಎಂದು ಪ್ರಾರ್ಥಿಸುತ್ತೇನೆ. ಕೋಬಾಲ್ಟಿನ ಅರ್ಧಾಯು 5.27 ವರ್ಷ. ನಲವತ್ತು ವರ್ಷಗಳಲ್ಲಿ ಏಳೂವರೆ ಅರ್ಧಾಯು ಕಳೆದಿರುತ್ತದೆ. ಅಂದರೆ ಆ ಯಂತ್ರದಲ್ಲಿ ಉಳಿದಿದ್ದುದು ಹೊಸದರಲ್ಲಿದ್ದುದರ ಇನ್ನೂರರಲ್ಲಿ ಒಂದು ಪಾಲಿನ ಆಸುಪಾಸು. ಆ ಒಂದು ಪಾಲು ಒಬ್ಬ ಮನುಷ್ಯನನ್ನು ಕೊಂದಿತು. ‘ಶಕ್ತಿಯೆಲ್ಲ ಇಳಿದುಹೋಗಿರುತ್ತದೆ’ ಎಂಬ ಮಾತನ್ನು ದೆಹಲಿಯಲ್ಲಿ ಯಾರಾದರೂ ಆಡಿದ್ದರೋ ಇಲ್ಲವೋ ನಾನು ಹೇಳಲಾರೆ. ಆದರೆ ಅಲ್ಲಿನ ಹರಾಜು ಆ ನಂಬಿಕೆಯ ಮೇಲೆಯೇ ನಡೆದಂತಿತ್ತು. ಸತ್ತವನು ಆ ಯಂತ್ರವನ್ನು ಖರೀದಿಸಿದ ಪ್ರಾಧ್ಯಾಪಕನಲ್ಲ, ಹರಾಜಿಗೆ ಸಹಿ ಹಾಕಿದ ಅಧಿಕಾರಿಯಲ್ಲ. ಗುಜರಿ ಅಂಗಡಿಯಲ್ಲಿ ಕೂಲಿಗೆ ಸುತ್ತಿಗೆ ಹಿಡಿದವನು. ವಿದ್ಯಾವಂತರ ಅಲಕ್ಷ್ಯಕ್ಕೆ ಓದಲು ಅವಕಾಶವೇ ಸಿಗದವರು ಜೀವ ತೆರುವುದನ್ನು ಒಬ್ಬ ಮೇಷ್ಟ್ರಾಗಿ ನಾನು ಸಹಿಸಲಾರೆ.

ಇನ್ನೂ ಭೀಕರವಾದದ್ದು ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ ನಡೆಯಿತು. ಒಂದು ಕ್ಯಾನ್ಸರ್ ಚಿಕಿತ್ಸಾಲಯ ಬೇರೆಡೆಗೆ ಹೋಗುವಾಗ ಸೀಸಿಯಂ-137 ಇದ್ದ ಯಂತ್ರವನ್ನು ಹಳೆಯ ಕಟ್ಟಡದಲ್ಲಿಯೇ ಬಿಟ್ಟುಹೋಗಿತ್ತು. 1987ರ ಸೆಪ್ಟೆಂಬರ್ 13ರಂದು ಇಬ್ಬರು ಅದರ ಭಾಗವನ್ನು ಕಳಚಿ ಒಯ್ದು, ಬಳಿಕ ಗುಜರಿಗೆ ಮಾರಿದರು. ಒಳಗಿನ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಚೆಂದವಾಗಿದೆಯೆಂದು ಮನೆಮಂದಿಗೆ, ನೆಂಟರಿಗೆ, ಗೆಳೆಯರಿಗೆ ಹಂಚಿದರು. ಮೈಗೆ ಹಚ್ಚಿಕೊಂಡವರೂ ಇದ್ದರು. ನಾಲ್ವರು ಸತ್ತರು, ಅವರಲ್ಲಿ ಒಬ್ಬಳು ಆರು ವರ್ಷದ ಹುಡುಗಿ. 249 ಜನರ ಮೈಮೇಲೆ ಅಥವಾ ದೇಹದೊಳಗೆ ಸೀಸಿಯಂ ಪತ್ತೆಯಾಯಿತು. ಲಕ್ಷಕ್ಕೂ ಮೀರಿ ಜನರನ್ನು ಕ್ರೀಡಾಂಗಣದಲ್ಲಿ ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಬೇಕಾಯಿತು.

ಆ ಘಟನೆಯಲ್ಲಿ ಮೊದಲು ಅನುಮಾನಪಟ್ಟವರು ವೈದ್ಯರಲ್ಲ. ಗುಜರಿ ಅಂಗಡಿಯವನ ಹೆಂಡತಿ. ಮನೆಯವರೆಲ್ಲ ಒಟ್ಟಿಗೆ ಕಾಯಿಲೆ ಬಿದ್ದದ್ದಕ್ಕೆ ಈ ಹೊಳೆಯುವ ಪುಡಿಯೇ ಕಾರಣವೆಂದು ಊಹಿಸಿ, ಉಳಿದಿದ್ದುದನ್ನು ಚೀಲಕ್ಕೆ ತುಂಬಿಸಿ ಬಸ್ಸಿನಲ್ಲಿ ಆರೋಗ್ಯ ಇಲಾಖೆಯ ಕಚೇರಿಗೆ ಒಯ್ದವಳು ಆಕೆ. ಸತ್ತ ನಾಲ್ವರಲ್ಲಿ ಆಕೆಯೂ ಒಬ್ಬಳು. ಮರುದಿನ ಭೌತವಿಜ್ಞಾನಿಯೊಬ್ಬರು ಅಳತೆಯ ಉಪಕರಣ ಹಿಡಿದು ಬರುವ ಹೊತ್ತಿಗೆ ಅಗ್ನಿಶಾಮಕ ದಳದವರು ಆ ಚೀಲವನ್ನು ನದಿಗೆ ಎಸೆಯುವ ಯೋಚನೆಯಲ್ಲಿದ್ದರು. ಆತ ತಡೆಯದೇ ಇದ್ದಿದ್ದರೆ ಸೀಸಿಯಂ ನದಿಯ ನೀರು ಸೇರುತ್ತಿತ್ತು. ಅಳೆಯಬಲ್ಲ ಒಬ್ಬ ಮನುಷ್ಯ, ಕೈಯಲ್ಲಿ ಒಂದು ಉಪಕರಣ. ಒಂದು ನಗರಕ್ಕೆ ಆ ಗಳಿಗೆಯಲ್ಲಿ ಬೇಕಾಗಿದ್ದುದು ಅಷ್ಟೇ.

ಗುಜರಿಗೆ ಹೋದದ್ದು ಅಲ್ಲಿಯೇ ಉಳಿಯುವುದಿಲ್ಲ. ಕುಲುಮೆಗೆ ಹೋಗುತ್ತದೆ, ಉಕ್ಕಾಗುತ್ತದೆ. 2008ರಲ್ಲಿ ಭಾರತದಿಂದ ಫ್ರಾನ್ಸಿಗೆ ಹೋದ ಉಕ್ಕಿನ ಲಿಫ್ಟ್ ಗುಂಡಿಗಳಲ್ಲಿ ಕೋಬಾಲ್ಟ್-60 ಪತ್ತೆಯಾಗಿ, ಅವುಗಳನ್ನು ಜೋಡಿಸುತ್ತಿದ್ದ ಕಾರ್ಮಿಕರು ವಿಕಿರಣಕ್ಕೆ ಒಳಗಾಗಿದ್ದರು. ಕುಲುಮೆಯ ಬೆಂಕಿ ಕೋಬಾಲ್ಟನ್ನು ಸುಡಲಿಲ್ಲ, ಹರಡಿತು ಅಷ್ಟೇ.

ಇಷ್ಟು ಓದಿದ ಮೇಲೆ ನಾನು ಅಣುವಿಜ್ಞಾನದ ವಿರೋಧಿಯೆಂದು ಯಾರಾದರೂ ತಿಳಿದರೆ ನನಗೆ ನೋವಾಗುತ್ತದೆ. ಇದೇ ಕೋಬಾಲ್ಟ್ ಕಿರಣಗಳು ನಮ್ಮ ರಾಜ್ಯದ ಸಾವಿರಾರು ಕ್ಯಾನ್ಸರ್ ರೋಗಿಗಳ ಬದುಕನ್ನು ಹಿಗ್ಗಿಸಿವೆ. ಕಾರವಾರ ತಾಲೂಕಿನ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2018ರ ಕೊನೆಯವರೆಗೆ ಸತತ 962 ದಿನ ನಿಲ್ಲದೆ ನಡೆದು ದಾಖಲೆ ಮಾಡಿತು. ಒಂದು ಗ್ರಾಂ ಯುರೇನಿಯಂ-235 ಪೂರ್ತಿ ವಿದಳನಗೊಂಡರೆ, ಅಂದರೆ ಅದರ ನ್ಯೂಕ್ಲಿಯಸ್ಸುಗಳೆಲ್ಲ ಒಡೆದರೆ, ಹೊಮ್ಮುವ ಶಾಖಕ್ಕೆ ಸುಮಾರು ಮೂರು ಟನ್ ಕಲ್ಲಿದ್ದಲು ಸುಡಬೇಕು. ಒಂದು ನ್ಯೂಕ್ಲಿಯಸ್ ಒಡೆದಾಗ ಸುಮಾರು 200 ಮೆಗಾ ಎಲೆಕ್ಟ್ರಾನ್ ವೋಲ್ಟ್, ಅಂದರೆ 20 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬರುತ್ತದೆ; ಇಂಗಾಲದ ಒಂದು ಪರಮಾಣು ಉರಿದಾಗ ಬರುವುದು ನಾಲ್ಕು ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಈ ಅಗಾಧ ಅಂತರವನ್ನು ಮೊದಲ ಸಲ ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದಾಗ ವಿದ್ಯಾರ್ಥಿಗಳ ಮುಖದಲ್ಲಿ ಮೂಡುವ ಬೆರಗು ಅಧ್ಯಾಪಕನಿಗೆ ಸಿಗುವ ದೊಡ್ಡ ಸಂಬಳ.

ಆದರೆ ವಿದಳನದ ಪಾಠಕ್ಕೆ ಎರಡನೆಯ ಅರ್ಧವೂ ಇದೆ. ಒಡೆದ ಚೂರುಗಳು ಅಸ್ಥಿರವಾದವು. ಸೀಸಿಯಂ-137, ಸ್ಟ್ರಾನ್ಷಿಯಂ-90, ಅಯೋಡಿನ್-131 ಎಲ್ಲ ಆ ಚೂರುಗಳೇ. ರಿಯಾಕ್ಟರಿನಲ್ಲಿ ವಿದಳನವನ್ನು ಕ್ಷಣಾರ್ಧದಲ್ಲಿ ನಿಲ್ಲಿಸಬಹುದು. ಚೂರುಗಳ ಕ್ಷಯವನ್ನು ನಿಲ್ಲಿಸುವ ಯಾವ ಗುಂಡಿಯೂ ಇಲ್ಲ. ರಿಯಾಕ್ಟರ್ ನಿಂತ ಕೂಡಲೇ ಅದರ ಶಾಖದ ನೂರರಲ್ಲಿ ಆರು-ಏಳು ಪಾಲು ಈ ಕ್ಷಯದಿಂದಲೇ ಬರುತ್ತಿರುತ್ತದೆ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪದ ಹೊತ್ತಿಗೆ ನಡೆಯುತ್ತಿದ್ದ ರಿಯಾಕ್ಟರುಗಳು ತಾವಾಗಿ ಸರಿಯಾಗಿಯೇ ನಿಂತವು. ಆಮೇಲೆ ಬಂದ ಸುನಾಮಿ ತಂಪುಗೊಳಿಸುವ ವ್ಯವಸ್ಥೆಯ ವಿದ್ಯುತ್ತನ್ನು ಕಿತ್ತುಕೊಂಡಿತು. ನಿಂತ ರಿಯಾಕ್ಟರಿನ ಇಂಧನವನ್ನು ಕರಗಿಸಿದ್ದು ಕ್ಷಯದ ಶಾಖ. ಎಕ್ಸ್-ರೇ ಯಂತ್ರದ ಪ್ಲಗ್ ಕಿತ್ತರೆ ಅದು ಬರೀ ಕಬ್ಬಿಣ, ಗಾಜು. ಕೋಬಾಲ್ಟ್ ಯಂತ್ರದ ಪ್ಲಗ್ ಕಿತ್ತರೂ ಒಳಗಿನ ಕೋಬಾಲ್ಟಿಗೆ ಅದರ ಪರಿವೆಯಿಲ್ಲ. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಯಾವ ಗುಮಾಸ್ತನೂ ಅವೆರಡನ್ನು ಒಂದೇ ಪಟ್ಟಿಯಲ್ಲಿ ಬರೆಯಲಾರ.

ತಿಳಿಸುವುದು ಯಾರ ಕೆಲಸ? ನಮ್ಮದು, ಅಧ್ಯಾಪಕರದು. ಮತ್ತು ನಿಮ್ಮದು. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಹನ್ನೆರಡನೇ ತರಗತಿಯ ಭೌತಶಾಸ್ತ್ರದಿಂದ ವಿಕಿರಣಶೀಲ ಕ್ಷಯದ ನಿಯಮವನ್ನೂ ಅರ್ಧಾಯುವಿನ ಲೆಕ್ಕವನ್ನೂ ಪರಮಾಣು ರಿಯಾಕ್ಟರಿನ ವಿವರಣೆಯನ್ನೂ ತೆಗೆದುಹಾಕಿತು. ನಮ್ಮ ದ್ವಿತೀಯ ಪಿಯುಸಿ ಓದುವುದು ಅದೇ ಪುಸ್ತಕವನ್ನು. ಕೈಗಾದಲ್ಲಿ ತಲಾ 700 ಮೆಗಾವ್ಯಾಟಿನ ಮತ್ತೆರಡು ಘಟಕಗಳಿಗೆ ಒಪ್ಪಿಗೆ ಸಿಕ್ಕಿರುವ ರಾಜ್ಯದಲ್ಲಿ, ವಿಜ್ಞಾನ ಓದಿದ ಹುಡುಗಿಯೊಬ್ಬಳು ಅರ್ಧಾಯು ಎಂದರೇನೆಂದು ಲೆಕ್ಕ ಮಾಡದೆಯೇ ಪಿಯುಸಿ ದಾಟಿಬಿಡಬಹುದು. ಆಕೆ ಮುಂದೆ ವೈದ್ಯೆಯಾಗುತ್ತಾಳೆ, ತಹಶೀಲ್ದಾರಳಾಗುತ್ತಾಳೆ, ಯಾವುದೋ ಕಾಲೇಜಿನ ಹರಾಜು ಸಮಿತಿಯ ಸದಸ್ಯೆಯಾಗುತ್ತಾಳೆ. ಹೊರೆ ಎಂದು ಇಳಿಸಿದ್ದು ಎರಡು ಪೀರಿಯಡ್‌ಗಳ ಪಾಠ. ಅದನ್ನು ಯಾವ ತರ್ಕದಿಂದ ಹೊರೆಯೆಂದರೋ ನನಗೆ ಅರ್ಥವಾಗಿಲ್ಲ.

ತಿಳಿವಳಿಕೆಯಿಲ್ಲದ ಕಡೆ ಭಯವೂ ಅಡ್ಡಾದಿಡ್ಡಿ ಬೆಳೆಯುತ್ತದೆ. ಎಕ್ಸ್-ರೇ ತೆಗೆಸಿಕೊಂಡ ರೋಗಿಯ ಪಕ್ಕ ಕೂರಲು ಅಂಜುವವರನ್ನು ನಾನು ನೋಡಿದ್ದೇನೆ. ಅಂಥವರ ನಡುವೆಯೇ ಸೀಸದ ಡಬ್ಬಿಯನ್ನು ಬರಿಗೈಯಲ್ಲಿ ತೆರೆದು ಬಗ್ಗಿ ನೋಡುವವರೂ ಇದ್ದಾರೆ. ಅಂಜಬೇಕಾದಲ್ಲಿ ಅಂಜಿಕೆಯಿಲ್ಲ, ಅಂಜಬಾರದಲ್ಲಿ ಇದೆ.

ಆ ಕಾಲೇಜಿನ ಡಬ್ಬಿ ಹರಾಜಿನ ಪಟ್ಟಿಯಿಂದ ಹೊರಬಂದು ಈಗ ಬೀಗ ಹಾಕಿದ ಕಪಾಟಿನಲ್ಲಿದೆ. ಅದನ್ನು ಕ್ರಮಬದ್ಧವಾಗಿ ಹಿಂದಿರುಗಿಸಲು ಅಧ್ಯಾಪಕರಿಗೆ ಮನಸ್ಸಿದೆ. ಆದರೆ ಸಾಗಣೆಯ ವೆಚ್ಚವನ್ನು ಯಾವ ಲೆಕ್ಕ ಶೀರ್ಷಿಕೆಯಡಿ ತೋರಿಸಬೇಕೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿದೆ. ಹರಾಜು ಹಾಕುವುದಕ್ಕೆ ಸುಲಭವಾದ ದಾರಿಯಿದೆ, ಸುರಕ್ಷಿತವಾಗಿ ಹಿಂದಿರುಗಿಸುವುದಕ್ಕೆ ಇಲ್ಲ. ಇದನ್ನು ತಲೆಕೆಳಗು ಮಾಡುವ ಅಧಿಕಾರ ನಿಮ್ಮ ಕೈಯಲ್ಲಿದೆ. ಆದ್ದರಿಂದ ಕೆಲವು ಕೋರಿಕೆಗಳು.

ಮೊಟ್ಟಮೊದಲು, ರಾಜ್ಯದ ಪ್ರತಿಯೊಂದು ವಿಶ್ವವಿದ್ಯಾಲಯ ಮತ್ತು ವಿಜ್ಞಾನ ಕಾಲೇಜು ತನ್ನ ಮೊದಲ ಸ್ಟಾಕ್ ರಿಜಿಸ್ಟರಿನಿಂದ ಹಿಡಿದು ಇಂದಿನವರೆಗಿನ ಪುಟಗಳನ್ನು ತೆರೆದು, ತಾನು ಎಂದಾದರೂ ವಿಕಿರಣಶೀಲ ಆಕರ ಖರೀದಿಸಿತ್ತೇ, ಅದು ಈಗ ಎಲ್ಲಿದೆ ಎಂದು ಬರೆದುಕೊಡುವಂತೆ ಸುತ್ತೋಲೆ ಹೊರಡಿಸಿ. ಭೌತಶಾಸ್ತ್ರ ವಿಭಾಗವೊಂದೇ ಸಾಲದು. ದೆಹಲಿಯ ಯಂತ್ರ ಇದ್ದುದು ರಸಾಯನಶಾಸ್ತ್ರದಲ್ಲಿ. ಸಸ್ಯಶಾಸ್ತ್ರ, ಕೃಷಿ, ಭೂವಿಜ್ಞಾನ, ವೈದ್ಯಕೀಯ ಕಾಲೇಜುಗಳನ್ನೂ ಕೇಳಬೇಕು. ‘ಇಲ್ಲ’ ಎಂಬ ಉತ್ತರವನ್ನೂ ಸಹಿ ಸಮೇತ ಪಡೆಯಬೇಕು. ‘ಖರೀದಿಸಿದ್ದೆವು, ಈಗ ಕಾಣುತ್ತಿಲ್ಲ’ ಎಂಬ ಉತ್ತರ ಬಂದರೆ ಅವರನ್ನು ಶಿಕ್ಷಿಸುವ ಅವಸರ ಬೇಡ. ಶಿಕ್ಷೆಯ ಭಯವಿದ್ದರೆ ಯಾರೂ ನಿಜ ಬರೆಯುವುದಿಲ್ಲ, ಆಗ ಇಡೀ ಸಮೀಕ್ಷೆ ಕಾಗದದ ಕೆಲಸವಾಗಿಬಿಡುತ್ತದೆ. ಮೊದಲು ಆಕರ ಸಿಗಲಿ.

ಪ್ರಯೋಗಾಲಯದಿಂದ ಹರಾಜಿಗೆ ಹೋಗುವ ಪ್ರತಿಯೊಂದು ಲೋಹದ ಸಾಮಾನನ್ನು, ಅದರಲ್ಲೂ ಸೀಸದ ಯಾವುದೇ ವಸ್ತುವನ್ನು ವಿಕಿರಣ ಮಾಪಕದಿಂದ ಅಳೆದು, ಅಳೆದವರ ಹೆಸರು ಮತ್ತು ಅಂಕಿಯನ್ನು ಪಟ್ಟಿಯಲ್ಲಿಯೇ ನಮೂದಿಸುವುದನ್ನು ಕಡ್ಡಾಯ ಮಾಡಿ. ಪ್ರತಿ ಕಾಲೇಜಿಗೂ ಮಾಪಕ ಕೊಳ್ಳಲಾಗದು, ನಿಜ. ಜಿಲ್ಲೆಗೊಂದು ಸಾಕು, ಅದನ್ನು ಬಳಸಲು ತರಬೇತಾದ ಇಬ್ಬರು ಅಧ್ಯಾಪಕರು ಸಾಕು. ಆ ಉಪಕರಣವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಸರಿಪಡಿಸುವ ವ್ಯವಸ್ಥೆಯೂ ಅದರೊಡನೆಯೇ ಆಗಲಿ; ಕೆಟ್ಟುಹೋದ ಮಾಪಕ ಸೊನ್ನೆ ತೋರಿಸಿ ಸುಳ್ಳು ಧೈರ್ಯ ಕೊಡುತ್ತದೆ.

ಬಳಸಿ ಮುಗಿದ ಆಕರವನ್ನು ಪೂರೈಸಿದವರಿಗೇ ಹಿಂದಿರುಗಿಸಬೇಕು ಅಥವಾ ಅಧಿಕೃತ ತ್ಯಾಜ್ಯ ನಿರ್ವಹಣಾ ಸಂಸ್ಥೆಗೆ ಒಪ್ಪಿಸಬೇಕು ಎಂಬುದು ನಮ್ಮ ದೇಶದಲ್ಲಿ ಒಪ್ಪಿತವಾದ ಕ್ರಮ. 1987ರ ತ್ಯಾಜ್ಯ ವಿಲೇವಾರಿ ನಿಯಮಗಳು, 2004ರ ವಿಕಿರಣ ಸಂರಕ್ಷಣಾ ನಿಯಮಗಳು ಇದಕ್ಕಾಗಿಯೇ ಬಂದವು. ಕಾಲೇಜುಗಳಿಗೆ ಬೇಕಾಗಿರುವುದು ದಾರಿ ತೋರಿಸುವ ಒಬ್ಬ ಅಧಿಕಾರಿ ಮತ್ತು ಒಂದು ಲೆಕ್ಕ ಶೀರ್ಷಿಕೆ. ಅಣುಶಕ್ತಿ ನಿಯಂತ್ರಣ ಮಂಡಳಿಯೊಡನೆ ಪತ್ರವ್ಯವಹಾರ ಮಾಡುವ ಹೊಣೆಯನ್ನು ಇಲಾಖೆಯಲ್ಲಿ ಒಬ್ಬರಿಗೆ ವಹಿಸಿ, ಸಾಗಣೆಯ ವೆಚ್ಚವನ್ನು ಸರ್ಕಾರವೇ ಭರಿಸಲಿ. ಬಡ ಅನುದಾನಿತ ಕಾಲೇಜೊಂದು ತನ್ನ ಹಣದಲ್ಲಿ ಇದನ್ನು ಮಾಡಲಿ ಎಂದರೆ ಡಬ್ಬಿ ಇನ್ನೂ ನಲವತ್ತು ವರ್ಷ ಕಪಾಟಿನಲ್ಲಿಯೇ ಇರುತ್ತದೆ, ಅಥವಾ ಒಂದು ದಿನ ಸದ್ದಿಲ್ಲದೆ ಮಾಯವಾಗುತ್ತದೆ.

ಗುಜರಿಯವರನ್ನು ಮರೆಯಬೇಡಿ. ಮೂರು ಎಸಳಿನ ವಿಕಿರಣ ಚಿಹ್ನೆ ಓದಿದವರಿಗೇ ಅರ್ಥವಾಗುವಂಥದು. ಓದದವರ ಕಣ್ಣಿಗೆ ಅದು ಫ್ಯಾನಿನ ರೆಕ್ಕೆ. ಈ ಕಾರಣಕ್ಕಾಗಿಯೇ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಭಾರತವೂ ಸೇರಿದಂತೆ 11 ದೇಶಗಳ ಜನರಿಗೆ ತೋರಿಸಿ ಪರೀಕ್ಷಿಸಿ, 2007ರಲ್ಲಿ ಹೊಸ ಚಿಹ್ನೆಯನ್ನು ತಂದಿತು. ಕೆಂಪು ಹಿನ್ನೆಲೆಯಲ್ಲಿ ಎಸಳಿನಿಂದ ಹೊಮ್ಮುವ ಕಿರಣಗಳು, ತಲೆಬುರುಡೆ, ದೂರ ಓಡುತ್ತಿರುವ ಮನುಷ್ಯ. ಅಕ್ಷರ ಬಾರದವರಿಗೂ ತಿಳಿಯುತ್ತದೆ. ಬೆಂಗಳೂರಿನ ಶಿವಾಜಿನಗರದಿಂದ ಹಿಡಿದು ಜಿಲ್ಲಾ ಕೇಂದ್ರಗಳ ಗುಜರಿ ಓಣಿಗಳವರೆಗೆ, ಹಳೆಯ ಮತ್ತು ಹೊಸ ಎರಡೂ ಚಿಹ್ನೆಗಳಿರುವ ಭಿತ್ತಿಪತ್ರವನ್ನು ಕನ್ನಡ, ಉರ್ದು, ತಮಿಳು, ಹಿಂದಿಯಲ್ಲಿ ಅಂಟಿಸಬೇಕು. ‘ಗಾತ್ರಕ್ಕೆ ಮೀರಿ ಭಾರವಾದ ಡಬ್ಬಿ ಸಿಕ್ಕರೆ ಒಡೆಯಬೇಡಿ, ದೂರ ಸರಿಯಿರಿ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಮೂರು ಮಾತು ಸಾಕು. ದೂರ ಸರಿಯುವುದು ಸಣ್ಣ ಉಪಾಯವಲ್ಲ. ಎರಡು ಪಟ್ಟು ದೂರ ಹೋದರೆ ತೀವ್ರತೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಹತ್ತು ಪಟ್ಟು ದೂರಕ್ಕೆ ನೂರನೇ ಒಂದು ಪಾಲಿಗೆ. ಕರೆ ಮಾಡಿದವನನ್ನು ಕಳ್ಳಮಾಲಿನ ವಿಚಾರಣೆಗೆಂದು ಠಾಣೆಗೆ ಎಳೆಯುವುದಿಲ್ಲ ಎಂಬ ಭರವಸೆಯೂ ಅದರಲ್ಲಿರಬೇಕು.

ಶಾಲಾ ಶಿಕ್ಷಣ ಸಚಿವರಲ್ಲಿ ಪ್ರತ್ಯೇಕವಾಗಿ ಕೇಳಿಕೊಳ್ಳುತ್ತೇನೆ. ಎನ್‌ಸಿಇಆರ್‌ಟಿ ಪುಸ್ತಕ ಹೇಗೇ ಇರಲಿ, ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಕ್ಷಯದ ನಿಯಮ ಮತ್ತು ಅರ್ಧಾಯುವಿನ ಒಂದು ಪೂರಕ ಪಾಠವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಿದ್ಧಪಡಿಸಿ ಕಾಲೇಜುಗಳಿಗೆ ಕಳುಹಿಸಿ. ಇದಕ್ಕೆ ವಿಕಿರಣಶೀಲ ವಸ್ತು ಬೇಕಿಲ್ಲ. ನೂರು ನಾಣ್ಯಗಳನ್ನು ಚಿಮ್ಮಿ, ತಲೆ ಬಿದ್ದವನ್ನು ತೆಗೆದಿಟ್ಟು, ಉಳಿದವನ್ನು ಮತ್ತೆ ಚಿಮ್ಮುತ್ತ ಹೋದರೆ ಕ್ಷಯದ ರೇಖೆ ಮಕ್ಕಳ ನೋಟ್‌ಬುಕ್ಕಿನಲ್ಲಿ ತಾನಾಗಿ ಮೂಡುತ್ತದೆ. ಆ ಪಾಠದಲ್ಲಿ ಮಾಯಾಪುರಿಯ ಘಟನೆ ಒಂದು ಪುಟವಾದರೂ ಇರಲಿ. ಪಾಠ ಬರೆಯುವವರು ಸಿಗಲಿಲ್ಲವೆಂದರೆ ನನ್ನಂಥ ನಿವೃತ್ತರು ಜಿಲ್ಲೆಗೆ ಹತ್ತು ಜನ ಇದ್ದೇವೆ. ಸಂಭಾವನೆ ಬೇಡ. ಜಿಲ್ಲೆಯ ಮಾಪಕ ಹಿಡಿದು ಕಾಲೇಜುಗಳಿಗೆ ಹೋಗಿ ಅಳೆದುಕೊಡಲೂ ನಾವು ಸಿದ್ಧರಿದ್ದೇವೆ.

ಬೇಸಿಗೆ ರಜೆಯಲ್ಲಿ ಕಾಲೇಜುಗಳು ಕಪಾಟುಗಳನ್ನು ಖಾಲಿ ಮಾಡುತ್ತವೆ, ಟೆಂಡರ್ ಕರೆಯುತ್ತವೆ. ಮೇಲಿನ ಎಲ್ಲ ಕ್ರಮಗಳಿಗೂ ಸಮಯ ಹಿಡಿಯುವುದಾದರೆ, ಪ್ರಯೋಗಾಲಯದ ಸಾಮಾನುಗಳ ಹರಾಜನ್ನು ಸಮೀಕ್ಷೆ ಮುಗಿಯುವವರೆಗೆ ತಡೆಹಿಡಿಯುವ ಒಂದು ಸಾಲಿನ ಆದೇಶವನ್ನು ರಜೆ ಆರಂಭವಾಗುವ ಮೊದಲೇ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಭೌತಶಾಸ್ತ್ರದ ಒಬ್ಬ ನಿವೃತ್ತ ಅಧ್ಯಾಪಕ